ಧ್ವನಿಮುದ್ರಣ: ಕೇಬಲ್‌ನ ಕೊಂಡಿಗೂ ಗಮನ ಬೇಕು

ಮಾನ್ಯರೇ,

ಹಳ್ಳಿಯ ಹಿರಿಯ ಹಾಡುಗಾರರ ಕಂಠದಲ್ಲಿ ಉಳಿದಿರುವ ಕಾವ್ಯ, ಕಥೆ, ಸೋಬಾನೆಗಳನ್ನು ಅಂಗೈಯಗಲದ ರೆಕಾರ್ಡರ್‌ಗಳಲ್ಲಿ ಮುದ್ರಿಸಿಕೊಳ್ಳುವ ಕೆಲಸಕ್ಕೆ ಈಗ ಕಾಲೇಜು ವಿದ್ಯಾರ್ಥಿಗಳು, ಶಾಲೆಯ ಮೇಷ್ಟ್ರುಗಳು, ಹಾಡುಗಾರರ ಮನೆಯ ಮಕ್ಕಳು ತಾವಾಗಿಯೇ ಮುಂದಾಗುತ್ತಿದ್ದಾರೆ. ಚಾಮರಾಜನಗರ, ಮಂಡ್ಯ, ಮೈಸೂರು ಸೀಮೆಯಲ್ಲಿ ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರು ಮತ್ತು ಮಲೆ ಮಾದಪ್ಪನ ಕಾವ್ಯ ಹಾಡುವ ದೇವರಗುಡ್ಡರ ನಡುವೆ ಹದಿನೈದು ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡು ಬಂದಿರುವ ನನಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೆ ಇಲ್ಲ. ಆದರೆ ಅವರು ತಂದು ಕೇಳಿಸುವ ಮುದ್ರಣಗಳಲ್ಲಿ ಒಂದೇ ಬಗೆಯ ದೋಷವನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಹಾಡು ಸೊಗಸಾಗಿ ಸಾಗುತ್ತಿರುವಾಗಲೇ ನಡುವೆ ಪಟಪಟ ಸದ್ದು ಬರುತ್ತದೆ, ಒಂದು ಪಕ್ಕದ ಧ್ವನಿ ಮಾಯವಾಗುತ್ತದೆ, ಇಲ್ಲವೆ ಗುಂಯ್ ಎನ್ನುವ ಕರೆಂಟಿನ ಸದ್ದು ಇದ್ದಕ್ಕಿದ್ದಂತೆ ತುಂಬಿಕೊಳ್ಳುತ್ತದೆ. ಮೈಕನ್ನೂ ರೆಕಾರ್ಡರನ್ನೂ ಕೂಡಿಸುವ ಕೇಬಲ್‌ನ ತುದಿಯ ಪಿನ್ನು ಬಿಗಿಯಾಗಿ ಕೂರದಿರುವುದೇ ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ. ಈ ಒಂದು ಸಣ್ಣ ವಿಷಯದ ಬಗ್ಗೆ ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುತ್ತಿಲ್ಲವಾದ್ದರಿಂದ ತಮ್ಮ ಪತ್ರಿಕೆಯ ಮೂಲಕ ನಾಲ್ಕು ಮಾತು ಹೇಳಲು ಬಯಸುತ್ತೇನೆ.

ನನಗೇ ಆದ ನಷ್ಟವನ್ನು ಮೊದಲು ಹೇಳುತ್ತೇನೆ. ಕೊಳ್ಳೇಗಾಲ ಸೀಮೆಯ ಒಂದು ಊರಿನಲ್ಲಿ ಎಪ್ಪತ್ತು ದಾಟಿದ ನೀಲಗಾರರೊಬ್ಬರು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡಲು ಒಪ್ಪಿದ್ದರು. ಮೈಕನ್ನು ಸ್ಟ್ಯಾಂಡಿಗೆ ಹಾಕಿ ಅವರ ಎದೆಯ ಮಟ್ಟಕ್ಕೆ ಇಟ್ಟಿದ್ದೆ. ಅಲ್ಲಿಂದ ಬಂದ ತೆಳು ಕೇಬಲ್‌ನ ತುದಿಯ ಸಣ್ಣ ಪಿನ್ನು, ಪಕ್ಕದಲ್ಲಿದ್ದ ನನ್ನ ಹೆಗಲಚೀಲದೊಳಗಿನ ರೆಕಾರ್ಡರಿಗೆ ಸೇರಿತ್ತು. ಒಂದು ಗಂಟೆ ಇಯರ್‌ಫೋನಿನಲ್ಲಿ ಕೇಳಿ, ಎಲ್ಲವೂ ಸರಿಯಾಗಿದೆ ಎಂದುಕೊಂಡು, ಹಿರಿಯರ ಎದುರು ಕಿವಿ ಮುಚ್ಚಿಕೊಂಡು ಕೂರುವುದು ಮರ್ಯಾದೆಯಲ್ಲ ಎನಿಸಿ ಅದನ್ನು ತೆಗೆದಿಟ್ಟೆ. ನಡುರಾತ್ರಿಯ ಹೊತ್ತಿಗೆ ಯಾರೋ ಟೀ ತಂದರು. ಲೋಟ ತೆಗೆದುಕೊಳ್ಳಲು ಬಗ್ಗಿದಾಗ ಚೀಲ ಸ್ವಲ್ಪ ಹೊರಳಿರಬೇಕು. "ಮಗಾ, ನಿನ್ ಡಬ್ಬಿ ಕೇಳುಸ್ಕತ್ತಾ ಅದಾ?" ಎಂದು ತಾತ ನಗುತ್ತಾ ಕೇಳಿದರು. ಚೀಲದ ಬಾಯಿ ತೆರೆದು ನೋಡಿದೆ, ಮೀಟರಿನ ಗೆರೆಗಳು ಕುಣಿಯುತ್ತಿದ್ದವು. "ಕೇಳಿಸ್ಕೊಳ್ತಾ ಇದೆ ತಾತ" ಎಂದೆ. ಅವರು ತಂಬೂರಿ ಎತ್ತಿಕೊಂಡು, ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯು ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ, ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗವನ್ನು ಆರಂಭಿಸಿದರು.

ಮರುದಿನ ಮನೆಯಲ್ಲಿ ಕೇಳಿದಾಗ, ಆ ಭಾಗವೆಲ್ಲ ಕಂಬಳಿ ಹೊದ್ದು ಹಾಡಿದಂತೆ ಮುಚ್ಚಿಕೊಂಡಿತ್ತು. ಅದರ ಮೇಲೆ ಬಟ್ಟೆ ಉಜ್ಜುವ ಸರಸರ ಸದ್ದು. ಪಿನ್ನು ಪೂರ್ತಿ ಕಳಚಿಕೊಂಡಿತ್ತು. ಇಂಥ ಸಣ್ಣ ರೆಕಾರ್ಡರುಗಳಲ್ಲಿ ಹೊರಗಿನ ಮೈಕಿನ ಪಿನ್ನು ಕಳಚಿದ ಕೂಡಲೇ ಯಂತ್ರದ ಒಳಗಿನ ಮೈಕುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಹಾಗಾಗಿ ಯಂತ್ರ ನಿಲ್ಲಲಿಲ್ಲ, ಕೆಂಪು ದೀಪ ಆರಲಿಲ್ಲ, ಚೀಲದ ಬಟ್ಟೆಯ ಮೂಲಕ ಬಂದ ದನಿಗೆ ಮೀಟರೂ ಕುಣಿಯುತ್ತಲೇ ಇತ್ತು. ಒಂದು ಗಂಟೆ ಹತ್ತು ನಿಮಿಷದ ಹಾಡು ಹಾಗೆ ಹೋಯಿತು. ಸುಗ್ಗಿ ಮುಗಿದ ಮೇಲೆ ಮತ್ತೆ ಬಾ, ಆ ಭಾಗವನ್ನು ಇನ್ನೊಮ್ಮೆ ಹಾಡುತ್ತೇನೆ ಎಂದು ತಾತ ಹೇಳಿದ್ದರು. ಸುಗ್ಗಿಗೆ ಮೊದಲೇ ಅವರು ತೀರಿಕೊಂಡರು. ಅವರ ಶಿಷ್ಯರು ಈಗಲೂ ಹಾಡುತ್ತಾರೆ, ಚೆನ್ನಾಗಿಯೇ ಹಾಡುತ್ತಾರೆ. ಆದರೆ ಕುಲುಮೆಯ ಮುಂದೆ ನಿಂತ ಸಿದ್ದಪ್ಪಾಜಿಯ ಮಾತನ್ನು ತಾತ ಎಳೆದೆಳೆದು ಹೇಳುತ್ತಿದ್ದ ಬಗೆ ಅವರಲ್ಲಿಲ್ಲ, ಬೇರೆ ಎಲ್ಲಿಯೂ ಇಲ್ಲ.

ಈ 3.5 ಮಿಲಿಮೀಟರಿನ ಸಣ್ಣ ಪಿನ್ನು ಏಕೆ ಹೀಗೆ ಮೋಸ ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಇದರ ಹಿರಿಯಣ್ಣ, ಅಂದರೆ ನಮ್ಮ ಮೈಕ್ ಸೆಟ್ಟಿನವರು ಪಿ-38 ಎಂದು ಕರೆಯುವ ಕಾಲಂಗುಲದ ದಪ್ಪ ಜ್ಯಾಕು, 19ನೇ ಶತಮಾನದ ಕೊನೆಯ ಭಾಗದಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕರೆಗಳನ್ನು ಜೋಡಿಸಲು ಬಂದದ್ದು; ಕ್ಷಣಕ್ಷಣಕ್ಕೂ ಸಿಕ್ಕಿಸಿ ತೆಗೆಯಬೇಕಾದದ್ದರಿಂದ ಸುಲಭವಾಗಿ ಬಿಟ್ಟುಕೊಳ್ಳುವುದೇ ಅದರ ಗುಣವಾಗಬೇಕಿತ್ತು. ಸಣ್ಣದು ಟ್ರಾನ್ಸಿಸ್ಟರ್ ರೇಡಿಯೊಗಳ ಇಯರ್‌ಫೋನಿಗೆ, ಆಮೇಲೆ 1979ರಲ್ಲಿ ಬಂದ ವಾಕ್‌ಮನ್‌ಗೆ ಒಗ್ಗಿಕೊಂಡಿತು. ಹಾಡು ಕೇಳುವವನ ಕಿವಿಯಲ್ಲಿ ಸದ್ದು ನಿಂತರೆ ಅವನಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಮತ್ತೆ ಒತ್ತಿ ಸೇರಿಸುತ್ತಾನೆ, ಅಲ್ಲಿಗೆ ಮುಗಿಯಿತು. ಅದೇ ಪಿನ್ನನ್ನು ಮುದ್ರಣಕ್ಕೆ ಬಳಸಿದಾಗ ಅದು ಕಳಚಿದ್ದು ಯಾರಿಗೂ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಹಾಡು ಮುಗಿದಿರುತ್ತದೆ. ಪಿನ್ನನ್ನು ಹಿಡಿದಿಡಲು ಸಾಕೆಟ್ಟಿನೊಳಗೆ ಇರುವುದು ಒಂದೆರಡು ತೆಳು ಲೋಹದ ಎಲೆಗಳ ಒತ್ತಡ ಮಾತ್ರ. ಮೇಲಾಗಿ ಆ ಸಾಕೆಟ್ಟನ್ನು ಅನೇಕ ಯಂತ್ರಗಳಲ್ಲಿ ನೇರವಾಗಿ ಒಳಗಿನ ಹಲಗೆಗೆ ಬೆಸೆದಿರುತ್ತಾರೆ. ನೆಟ್ಟಗೆ ನಿಂತ ಪಿನ್ನಿಗೆ ಪಕ್ಕದಿಂದ ಏಟು ಬಿದ್ದರೆ ಅದು ಹಾರೆಯಂತೆ ಮೀಟಿ ಬೆಸುಗೆಯನ್ನೇ ಬಿರುಕು ಬಿಡಿಸುತ್ತದೆ. ಇಂಥ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಒಮ್ಮೆ ಸದ್ದು ಬರುತ್ತದೆ, ಒಮ್ಮೆ ಇಲ್ಲ.

ಆದ್ದರಿಂದ ಹೊಸದಾಗಿ ಯಂತ್ರ ಕೊಳ್ಳುವವರು ಸಾಧ್ಯವಾದ ಮಟ್ಟಿಗೆ ಎಕ್ಸ್‌ಎಲ್‌ಆರ್ ಸಾಕೆಟ್ ಇರುವ ರೆಕಾರ್ಡರನ್ನೇ ನೋಡಬೇಕೆಂದು ನನ್ನ ಸಲಹೆ. ಲಾಸ್ ಏಂಜಲೀಸಿನ ಕ್ಯಾನನ್ ಎಂಬ ಕಂಪನಿಯಿಂದ ಬಂದ ಈ ಮೂರು ಕಡ್ಡಿಯ ಪಿನ್ನನ್ನು ನಮ್ಮ ಹಳೆಯ ಸೌಂಡ್ ಮೇಸ್ತ್ರಿಗಳು ಇಂದಿಗೂ ಕ್ಯಾನನ್ ಪಿನ್ನು ಎಂದೇ ಕರೆಯುತ್ತಾರೆ. ಇದರಲ್ಲಿ ಚಿಲಕವಿದೆ: ಸಿಕ್ಕಿಸಿದಾಗ ಕಟಕ್ ಎಂದು ಕೂರುತ್ತದೆ, ಗುಂಡಿ ಒತ್ತದ ಹೊರತು ಬಿಡುವುದಿಲ್ಲ. ಮೈಕಿನ ದನಿ ಇದರ ಎರಡು ಕಡ್ಡಿಗಳಲ್ಲಿ ಒಂದಕ್ಕೊಂದು ತಿರುವುಮುರುವಾಗಿ ಹರಿದು ಬರುವುದರಿಂದ, ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿಕೊಂಡ ಟ್ಯೂಬ್‌ಲೈಟಿನ ಗುಂಯ್‌ಗಾಟವನ್ನೂ ಮೊಬೈಲಿನ ಗರಗರವನ್ನೂ ಯಂತ್ರವು ಒಂದರಿಂದ ಇನ್ನೊಂದನ್ನು ಕಳೆದು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಆದರೆ ಇಲ್ಲಿಯೂ ಎರಡು ಎಚ್ಚರಗಳಿವೆ. ದಪ್ಪ ಜ್ಯಾಕೂ ಎಕ್ಸ್‌ಎಲ್‌ಆರ್ ಪಿನ್ನೂ ಎರಡೂ ಕೂರುವಂಥ ಜಂಟಿ ಸಾಕೆಟ್ಟನ್ನು ಕೊಡುವ ಯಂತ್ರಗಳು ಬಹಳ; ಅವುಗಳಲ್ಲಿ ಕೆಲವಕ್ಕೆ ಚಿಲಕ ಇರುವುದಿಲ್ಲ. ಅಂಗಡಿಯಲ್ಲೇ ಒಂದು ಕೇಬಲ್ ಸಿಕ್ಕಿಸಿ ಮೆಲ್ಲಗೆ ಎಳೆದು ನೋಡಿದರೆ ತಿಳಿಯುತ್ತದೆ. ಎರಡನೆಯದು, ಆ ಎರಡು ಕಡ್ಡಿಗಳಲ್ಲಿ ಒಂದರ ತಂತಿ ಒಳಗೆ ಕಡಿದುಹೋಗಿದ್ದರೂ ಹಲವು ಸಲ ಸದ್ದು ಬರುತ್ತಲೇ ಇರುತ್ತದೆ, ಸ್ವಲ್ಪ ಕ್ಷೀಣವಾಗಿ, ಗುಂಯ್‌ಗಾಟದ ಜೊತೆಗೆ. ಸದ್ದು ಬರುತ್ತಿದೆಯಲ್ಲ ಎಂದು ಸುಮ್ಮನಾಗದೆ, ದನಿ ಎಂದಿಗಿಂತ ಸೋತಂತೆ ಕೇಳಿದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಇನ್ನು ಕೇಬಲ್ಲುಗಳ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಅಗ್ಗಕ್ಕೆ ಸಿಗುವ ಕೇಬಲ್ಲುಗಳ ಪಿನ್ನಿನ ಹಿಡಿಕೆಯನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಮುಚ್ಚಿರುತ್ತಾರೆ. ಒಳಗೆ ತಂತಿ ಕಡಿದರೆ ಬಿಚ್ಚಿ ನೋಡುವ ಹಾಗಿಲ್ಲ, ಎಸೆಯಬೇಕು. ತಿರುಗಿಸಿ ಬಿಚ್ಚಬಹುದಾದ ಲೋಹದ ಹಿಡಿಕೆಯ ಪಿನ್ನು ಕೊಂಡರೆ ಒಳಗಿನ ಬೆಸುಗೆ ಕಣ್ಣಿಗೆ ಕಾಣುತ್ತದೆ. ಅದರೊಳಗೆ ಕೇಬಲ್‌ನ ಹೊರಗವಚವನ್ನು ಕಚ್ಚಿ ಹಿಡಿಯುವ ಒಂದು ಹಿಡಿ ಇರುತ್ತದೆ. ಎಳೆತದ ಭಾರವೆಲ್ಲ ಆ ಹಿಡಿಯ ಮೇಲೆ ಬೀಳಬೇಕೇ ಹೊರತು ಕೂದಲೆಳೆಯಂಥ ತಂತಿಗಳನ್ನು ಹಿಡಿದಿರುವ ಬೆಸುಗೆಯ ಮೇಲೆ ಬೀಳಬಾರದು. ನಾನು ಬಿಚ್ಚಿ ನೋಡಿದ ಕೆಟ್ಟ ಕೇಬಲ್ಲುಗಳಲ್ಲಿ ಬಹುತೇಕ ಎಲ್ಲದರಲ್ಲೂ ಈ ಹಿಡಿಯನ್ನು ಒತ್ತಿಯೇ ಇರಲಿಲ್ಲ. ಊರಿನಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುವವರು ಹತ್ತು ನಿಮಿಷದಲ್ಲಿ ಸರಿಪಡಿಸಿ ಕೊಡಬಲ್ಲ ಕೆಲಸವಿದು.

ಕೇಬಲ್ಲನ್ನು ಮೊಣಕೈಗೂ ಅಂಗೈಗೂ ಸುತ್ತುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಹಾಗೆ ಸುತ್ತಿದಾಗ ಪ್ರತಿ ಸುತ್ತಿಗೂ ಒಳಗಿನ ತಂತಿ ಒಂದೇ ದಿಕ್ಕಿಗೆ ಮುರಿ ತಿರುಗುತ್ತದೆ; ಆ ಮುರಿಯೆಲ್ಲ ಕೊನೆಗೆ ಹೋಗಿ ನಿಲ್ಲುವುದು ಪಿನ್ನಿನ ಬುಡದಲ್ಲಿ. ಒಂದು ಸುತ್ತನ್ನು ಮೇಲಿನಿಂದ, ಮುಂದಿನದನ್ನು ಕೆಳಗಿನಿಂದ ಹಾಕಿ ದೊಡ್ಡ ಸುರುಳಿಯಾಗಿ ಇಟ್ಟರೆ ಕೇಬಲ್ ಬಹಳ ಕಾಲ ಬಾಳುತ್ತದೆ, ಬಿಚ್ಚುವಾಗ ಗಂಟೂ ಬೀಳುವುದಿಲ್ಲ.

ಆದರೆ ಸಣ್ಣ ಪಿನ್ನಿನ ರೆಕಾರ್ಡರೇ ಕೈಯಲ್ಲಿರುವವರು ಏನು ಮಾಡಬೇಕು? ಹೆಚ್ಚಿನವರ ಬಳಿ ಇರುವುದು ಅದೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಒಂದು ಗೇಣುದ್ದದ ಎಕ್ಸ್‌ಟೆನ್ಷನ್ ಕೇಬಲ್ ಕೊಂಡು, ಅದರ ಅಡ್ಡ ಬಾಗಿದ ಪಿನ್ನನ್ನು ರೆಕಾರ್ಡರಿಗೆ ಸೇರಿಸಿ, ಕೇಬಲ್ಲನ್ನು ಬೆರಳು ತೂರುವಷ್ಟು ಅಗಲದ ಒಂದು ಬಳಸು ಬಳಸಿ, ರೆಕಾರ್ಡರಿನ ಮೈಗೇ ವೆಲ್ಕ್ರೊ ಪಟ್ಟಿಯಿಂದಲೋ ಅಗಲ ರಬ್ಬರ್ ಬ್ಯಾಂಡಿನಿಂದಲೋ ಕಟ್ಟಿಬಿಡಬೇಕು. ಇದನ್ನು ಎಂದೂ ಕಳಚಬಾರದು. ಮೈಕಿನ ಕೇಬಲ್ಲನ್ನು ಪ್ರತಿ ಸಲ ಸಿಕ್ಕಿಸುವುದು, ತೆಗೆಯುವುದು ಏನಿದ್ದರೂ ಈ ಗೇಣುದ್ದದ ತುಂಡಿನ ಆ ಕಡೆಯ ತುದಿಯಲ್ಲಿ. ಯಾರಾದರೂ ಕೇಬಲ್ ಎಳೆದರೆ ಕಟ್ಟಿದ ಪಟ್ಟಿ ಆ ಎಳೆತವನ್ನು ತಡೆಯುತ್ತದೆ, ಬಳಸಿನಲ್ಲಿ ಇರುವ ಸಡಿಲು ಹಾಗೆಯೇ ಉಳಿಯುತ್ತದೆ, ಪಿನ್ನು ಅಲುಗುವುದಿಲ್ಲ. ಸವೆದರೆ ಸವೆಯುವುದು ಅಗ್ಗದ ತುಂಡು, ಯಂತ್ರದ ಸಾಕೆಟ್ಟಲ್ಲ. ಬಳಸನ್ನು ಗಂಟಾಗಿ ಬಿಗಿಯಬಾರದು, ಗಂಟಿನಲ್ಲಿ ತಂತಿ ಮುರಿಯುತ್ತದೆ. ಕರೆಂಟಿನವರ ಕಪ್ಪು ಟೇಪನ್ನೂ ಸುತ್ತಬಾರದು; ನಮ್ಮ ಬೇಸಿಗೆಯಲ್ಲಿ ಅದರ ಅಂಟು ಕರಗಿ ಜಾರುತ್ತದೆ, ಯಂತ್ರಕ್ಕೂ ಮೆತ್ತಿಕೊಳ್ಳುತ್ತದೆ.

ಇದೇ ಉಪಾಯವನ್ನು ಮೈಕಿನ ಸ್ಟ್ಯಾಂಡಿನಲ್ಲೂ ಮಾಡಬೇಕು. ಕೇಬಲ್ಲನ್ನು ಮೈಕಿನಿಂದ ಸ್ವಲ್ಪ ಸಡಿಲವಾಗಿ ಇಳಿಬಿಟ್ಟು, ಸ್ಟ್ಯಾಂಡಿನ ಕಂಬಕ್ಕೆ ಒಮ್ಮೆ, ಬುಡಕ್ಕೆ ಇನ್ನೊಮ್ಮೆ ಕಟ್ಟಿದರೆ, ಮಗು ಎಡವಿದಾಗ ಎಳೆತವು ಬುಡದಲ್ಲೇ ನಿಲ್ಲುತ್ತದೆ. ಬುಡದ ಮೇಲೆ ಮರಳಿನ ಒಂದು ಸಣ್ಣ ಚೀಲ ಇಟ್ಟರೆ ಇನ್ನೂ ಒಳ್ಳೆಯದು. ಜನ ಓಡಾಡುವ ಕಡೆ ಕೇಬಲ್ ಹಾಯಿಸಲೇಬಾರದು, ಗೋಡೆಯಂಚಿಗೆ ತಗುಲಿಸಿಕೊಂಡು ಹೋಗಬೇಕು. ಕಂಸಾಳೆಯಂಥ ಕುಣಿತದಲ್ಲಿ ಹಾಡುಗಾರರೇ ಚಲಿಸುವುದರಿಂದ ಕಾಲರ್ ಮೈಕನ್ನು ಬಳಸುವವರು, ಟ್ರಾನ್ಸ್‌ಮಿಟರಿಗೆ ಸೇರುವ ಪಿನ್ನಿನಲ್ಲಿ ತಿರುಪಿನ ಬಿಗಿ ಇರುವುದನ್ನು ಕೇಳಿ ಕೊಳ್ಳಬೇಕು. ಸೊಂಟ ಬಗ್ಗಿಸಿ ಏಳುವ ಕುಣಿತಕ್ಕೆ ಬರಿಯ ಪಿನ್ನು ಐದು ನಿಮಿಷವೂ ತಡೆಯುವುದಿಲ್ಲ. ಮೊಬೈಲಿಗೆಂದು ಮಾರುವ ಕಾಲರ್ ಮೈಕಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆಗಳಿರುತ್ತವೆ, ರೆಕಾರ್ಡರಿನದರಲ್ಲಿ ಎರಡು. ಮೊದಲನೆಯದನ್ನು ರೆಕಾರ್ಡರಿಗೆ ಹಾಕಿದರೆ ಪೂರ್ತಿ ಒತ್ತಿದಾಗ ಸರಿಯಾಗಿ ಕೆಲಸ ಮಾಡದೆ ಅರ್ಧ ಎಳೆದಾಗ ಸದ್ದು ಬಂದಂತಾಗಬಹುದು. ಹಾಗೆ ಅರ್ಧಕ್ಕೆ ನಿಲ್ಲಿಸಿ ಮುದ್ರಿಸಿದ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಇದಕ್ಕೆ ಸರಿಯಾದ ಅಡಾಪ್ಟರ್ ಸಿಗುತ್ತದೆ.

ವಿದ್ಯುತ್ತಿನ ಕೊಂಡಿಯೂ ಅಷ್ಟೇ ಮುಖ್ಯ. ರಾತ್ರಿಯಿಡೀ ನಡೆಯುವ ಹಾಡಿಗೆ ಪವರ್ ಬ್ಯಾಂಕಿನಿಂದ ಯಂತ್ರ ನಡೆಸುವವರು ಒಳಗೆ ಹೊಸ ಸೆಲ್ಲುಗಳನ್ನೂ ಹಾಕಿಟ್ಟಿರಬೇಕು. ಯುಎಸ್‌ಬಿ ಪಿನ್ನು ಕಳಚಿದರೂ ಹಲವು ಯಂತ್ರಗಳು ಸೆಲ್ಲಿನ ಮೇಲೆ ಮುಂದುವರಿಯುತ್ತವೆ. ಸೆಲ್ಲಿಲ್ಲದ ಯಂತ್ರ ತಟಕ್ಕನೆ ಆರಿದರೆ ಫೈಲು ಸರಿಯಾಗಿ ಮುಚ್ಚಿಕೊಳ್ಳದೆ, ಅದುವರೆಗೆ ಮುದ್ರಿಸಿದ್ದೂ ತೆರೆಯದೆ ಹೋಗಬಹುದು.

ಕರಾವಳಿಯ ಉಪ್ಪು ಗಾಳಿ, ಮಲೆನಾಡಿನ ಮಳೆಗಾಲದ ತೇವ ಪಿನ್ನುಗಳ ಮೇಲೆ ಮಬ್ಬು ಪೊರೆ ಕಟ್ಟಿಸುತ್ತವೆ. ಕೆಲವೊಮ್ಮೆ ಹಸಿರು ಕಿಲುಬೂ ಕಾಣುತ್ತದೆ. ತುಳುವಿನ ಕಥನ ಹಾಡುಗಳಾದ ಪಾಡ್ದನಗಳನ್ನು ಮುದ್ರಿಸುವ ನನ್ನ ತುಳುನಾಡಿನ ಗೆಳೆಯರು ಯಂತ್ರ ಕೆಟ್ಟಿದೆ ಎಂದು ತಂದದ್ದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಪಿನ್ನು ಒರೆಸಿ, ಆರಿದ ಮೇಲೆ ನಾಲ್ಕೈದು ಬಾರಿ ಸಿಕ್ಕಿಸಿ ತೆಗೆದು ಸರಿಮಾಡಿ ಕೊಟ್ಟದ್ದುಂಟು. ಇದನ್ನು ಯಂತ್ರ ಆರಿಸಿಯೇ ಮಾಡಬೇಕು; ಮೈಕಿಗೆ ಕೇಬಲ್‌ನ ಮೂಲಕವೇ ಹೋಗುವ 48 ವೋಲ್ಟಿನ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್, ಕೊಟ್ಟಿದ್ದರೆ ಕೇಬಲ್ ಕಳಚುವ ಮೊದಲು ಅದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ತಡೆಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕಿವಿಯೇ ಕೊನೆಯ ಕಾವಲುಗಾರ. ಮೀಟರು ಸದ್ದಿನ ಪ್ರಮಾಣವನ್ನು ತೋರಿಸುತ್ತದೆ. ಅದು ಹಾಡೋ ಬಟ್ಟೆಯ ಸರಸರವೋ ಎಂದು ಹೇಳುವುದಿಲ್ಲ. ಹಾಡು ಆರಂಭವಾಗುವ ಮೊದಲು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು, ಮೈಕಿನ ಬುಡ, ನಡುವಿನ ಜೋಡಣೆ, ರೆಕಾರ್ಡರಿನ ಸಾಕೆಟ್ ಇವನ್ನು ಒಂದೊಂದಾಗಿ ಬೆರಳಿನಿಂದ ಮೆಲ್ಲಗೆ ಅಲುಗಿಸಿ ಕೇಳಬೇಕು. ಪಟ್ ಎಂದರೆ ಆ ಕೇಬಲ್ಲನ್ನು ಅಲ್ಲೇ ಪಕ್ಕಕ್ಕಿಡಬೇಕು. ಒಂದು ನಿಮಿಷ ಮುದ್ರಿಸಿ ಅದನ್ನೇ ತಿರುಗಿ ಕೇಳಬೇಕು. ಹಾಡು ನಡೆಯುವಾಗ ಹೆಡ್‌ಫೋನ್ ತೆಗೆಯಬಾರದು. ಹಿರಿಯರಿಗೆ ಇದು ಅವಮರ್ಯಾದೆಯಾಗುವುದಿಲ್ಲ. ಅವರ ದನಿ ನನ್ನ ಕಿವಿಯ ಹತ್ತಿರವೇ ಬರಲೆಂದು ಹಾಕಿಕೊಂಡಿದ್ದೇನೆ ಎಂದು ಮೊದಲೇ ಹೇಳಿದರೆ ಅವರೇ ಸಂತೋಷಪಡುತ್ತಾರೆ. ಒಮ್ಮೆ ಅವರ ಕಿವಿಗೂ ಅದನ್ನು ಹಾಕಿ ಕೇಳಿಸಬೇಕು. ನಾನು ಅದನ್ನು ಆ ತಾತನಿಗೆ ಮಾಡಲಿಲ್ಲ.

ಈಗ ಸಂಸ್ಥೆಗಳವರಲ್ಲಿ ಒಂದು ವಿನಂತಿ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ, ಮೌಖಿಕ ಮಹಾಕಾವ್ಯಗಳನ್ನು ಪುಸ್ತಕವಾಗಿ ತಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇವೆಲ್ಲ ನಮ್ಮ ನಾಡಿನ ದೊಡ್ಡ ಆಸ್ತಿ. ಕ್ಷೇತ್ರಕಾರ್ಯಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸುವ ಎಲ್ಲ ಜಾನಪದ ವಿಭಾಗಗಳೂ ಹಾಡುಗಾರರೊಡನೆ ಹೇಗೆ ಮಾತನಾಡಬೇಕು, ಪಾಠಾಂತರವನ್ನು, ಅಂದರೆ ಒಂದೇ ಹಾಡಿನ ಬೇರೆ ಬೇರೆ ರೂಪಗಳನ್ನು, ಹೇಗೆ ಗುರುತಿಸಬೇಕು ಎಂಬುದನ್ನು ಕಲಿಸುವಂತೆಯೇ, ಕೇಬಲ್ ಹೇಗೆ ಕಟ್ಟಬೇಕೆಂಬುದನ್ನೂ ಅರ್ಧ ದಿನ ಕೂರಿಸಿ ಕಲಿಸಲಿ. ಯೋಜನೆಯೊಂದರ ಖರೀದಿ ಪಟ್ಟಿಯನ್ನು ನಾನು ನೋಡಿದ್ದೆ. ಮುದ್ರಣದ ಗುಣಮಟ್ಟ 24 ಬಿಟ್, 48 ಕಿಲೊಹರ್ಟ್ಸ್ ಇರಬೇಕು ಎಂದೆಲ್ಲ ಸರಿಯಾಗಿಯೇ ಬರೆದು ಒಳ್ಳೆಯ ರೆಕಾರ್ಡರನ್ನೂ ಮೈಕನ್ನೂ ತರಿಸಿದ್ದರು. ಕೇಬಲ್‌ನ ಸಾಲೇ ಅದರಲ್ಲಿರಲಿಲ್ಲ. ಆ ಮೈಕಿಗೆ ಕೊನೆಗೆ ಸೇರಿದ್ದು ಯಾರದೋ ಮೇಜಿನ ಖಾನೆಯಲ್ಲಿದ್ದ ಹಳೆಯ ಕೇಬಲ್. ಆ ಗುಣಮಟ್ಟದ ಸ್ಟೀರಿಯೊ ಮುದ್ರಣ ಗಂಟೆಗೆ ಸುಮಾರು 1 ಜಿಬಿಯಷ್ಟು ಜಾಗ ತುಂಬುತ್ತದೆ. ಪಿನ್ನು ಸಡಿಲವಾಗಿದ್ದರೆ ಆ 1 ಜಿಬಿಯೂ ಪಟಪಟ ಸದ್ದನ್ನೇ ಬಹಳ ಸ್ಪಷ್ಟವಾಗಿ ಕಾಪಾಡಿಕೊಂಡಿರುತ್ತದೆ. ಪ್ರತಿ ಮೈಕಿಗೆ ಎರಡು ಒಳ್ಳೆಯ ಕೇಬಲ್, ಒಂದು ಹೆಡ್‌ಫೋನ್, ಹತ್ತು ವೆಲ್ಕ್ರೊ ಪಟ್ಟಿ ಎಂದು ಆ ಪಟ್ಟಿಗೆ ಸೇರಿಸಿದರೆ ಯಂತ್ರದ ಬೆಲೆಯ ಮುಂದೆ ಅದು ದೊಡ್ಡ ಖರ್ಚಲ್ಲ.

ಹಾಡುಗಾರರ ಮನೆಯ ಮಕ್ಕಳಿಗೆ ಇಷ್ಟು ಖರ್ಚೂ ಭಾರವೇ ಎಂಬುದು ನನಗೆ ಗೊತ್ತು. ಪುಷ್ಯ ಮಾಸದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರಿನಲ್ಲಿ, ಬಿದಿರು ಬಟ್ಟೆಗಳಿಂದ ಕಟ್ಟಿದ ಚಂದ್ರಮಂಡಲ ಹೊತ್ತಿ ಉರಿಯುವ ರಾತ್ರಿಯಿಂದ ಜಾತ್ರೆ ಮುಗಿಯುವವರೆಗೆ ನಾನು ಅಲ್ಲಿಯೇ ಇರುತ್ತೇನೆ. ಬೆಸುಗೆಯ ಸಾಮಾನು, ಹೆಚ್ಚುವರಿ ಪಿನ್ನುಗಳು, ಗೇಣುದ್ದದ ಹತ್ತಾರು ಕೇಬಲ್ ತುಂಡುಗಳು ಜೊತೆಯಲ್ಲಿರುತ್ತವೆ. ತಮ್ಮ ರೆಕಾರ್ಡರನ್ನೂ ಮೈಕನ್ನೂ ತಂದವರಿಗೆ ಅಲ್ಲೇ ನೋಡಿ, ಕಟ್ಟಿ ಕೊಡುತ್ತೇನೆ. ನೀಲಗಾರರು ತಂಬೂರಿ ಶ್ರುತಿ ಮಾಡಿಕೊಳ್ಳುವುದಕ್ಕೆ ಮೊದಲು, ಸಂಜೆ ಬೆಳಕಿರುವಾಗಲೇ ಬಂದರೆ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕ್ಷೇತ್ರ ಧ್ವನಿಮುದ್ರಕ
ಚಾಮರಾಜನಗರ ಜಿಲ್ಲೆ